ಅರ್ಧ ವೇಗದ ರಷ್ಯನ್ ವಾಚು

ಒಂದೇ ವಾಚನ್ನು ಮೂವತ್ತೆಂಟು ವರ್ಷದಿಂದ ರಿಪೇರಿ ಮಾಡುತ್ತಿರುವವರನ್ನು ನೀವು ನೋಡಿದ್ದೀರಾ? ಕಳೆದ ಶನಿವಾರ ನಾನು ನೋಡಿದೆ. ಬೆಟಗೇರಿಯಲ್ಲಿ.

ಹಳೆಯ ರಷ್ಯನ್ ವಾಚುಗಳನ್ನು ಕೂಡಿಡುವುದು ನನ್ನ ಹುಚ್ಚು. ಬ್ಯಾಟರಿ ಇಲ್ಲದ, ದಿನಾ ಚಾವಿ ಕೊಡಬೇಕಾದ, ಸೋವಿಯತ್ ಕಾಲದವು. (ಇದನ್ನು ಹೊರಗೆ ಹೇಳಬೇಡ ಎಂದು ಮನೆಯಲ್ಲಿ ತಾಕೀತಾಗಿದೆ. ವರ ಸಿಗುವುದು ಕಷ್ಟವಂತೆ.) ಅವುಗಳನ್ನು ಬಿಚ್ಚಿ ಎಣ್ಣೆ ಹಾಕಲು ನಾನು ನಂಬಿರುವುದು ಒಬ್ಬರನ್ನೇ. ಬೆಟಗೇರಿಯ ವಾಚ್ ರಿಪೇರಿ ಅಂಗಡಿಯ ಮಕ್ತುಂಸಾಬ್ ಚಾಚಾ. ಮಾತು ಕಡಿಮೆ, ಕೈ ನಿಧಾನ. ನಮ್ಮಿಬ್ಬರಿಗೂ ಅದು ಅನುಕೂಲ.

ಅವತ್ತು ಚಾಚಾ ತಾವಾಗಿಯೇ ಡ್ರಾವರ್‌ನಿಂದ ಒಂದು ವಾಚು ತೆಗೆದು ನನ್ನ ಮುಂದಿಟ್ಟರು.

"ಇದೂ ರಷ್ಯಾದ್ದ. ನೀನ ಇಟ್ಕೋ ಯವ್ವಾ, ನನ್ನ ಕೈಲೆ ಆಗಲಿಲ್ಲ. ಆದ್ರ ಕೆಟ್ಟಿದ್ದು ಎಲ್ಲಿ ಅಂತ ಗೊತ್ತಾದ್ರ ಬಂದು ಹೇಳು."

ವಾಚು ಶಿರಹಟ್ಟಿಯ ಮಾಸ್ತರರೊಬ್ಬರದು. ಮುಂಬೈಯಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡಿದ್ದರಂತೆ. ಕೊಂಡಾಗಲೇ ಡಯಲ್ ತೇವ ಹಿಡಿದು ಕಪ್ಪಾಗಿ, ಅಂಕಿ ಒಂದೂ ಕಾಣುತ್ತಿರಲಿಲ್ಲ. ಆಗಿನ ರೂಢಿಯಂತೆ ಚಾಚಾ ಅದಕ್ಕೆ ಹುಬ್ಬಳ್ಳಿಯಲ್ಲಿ ಹೊಸ ಬಣ್ಣ, ಹೊಸ ಅಂಕಿ ಹಾಕಿಸಿ ಕೊಟ್ಟರು. ವಾರದೊಳಗೆ ಮಾಸ್ತರರು ತಿರುಗಿ ಬಂದರು. ನಿಮಿಷದ ಮುಳ್ಳು ಸರಿ, ತಾಸಿನ ಮುಳ್ಳು ಮಾತ್ರ ಅರ್ಧಕ್ಕರ್ಧ ನಿಧಾನ. ನೀನೇ ಮಶೀನು ಕೆಡಿಸಿದೆ ಎಂದು ಚಾಚಾನನ್ನು ನಾಲ್ಕು ಜನರ ಎದುರು ಬೈದು, ವಾಚನ್ನು ಅಲ್ಲೇ ಬಿಟ್ಟುಹೋದರು. ಮತ್ತೆ ಆ ಅಂಗಡಿ ಹತ್ತಲಿಲ್ಲ.

ಅಂದಿನಿಂದ ಪ್ರತಿ ವರ್ಷ ರಂಜಾನ್ ಹಬ್ಬದ ಮರುದಿನ, ಅಂಗಡಿ ಬಂದ್ ಇರುವಾಗ, ಚಾಚಾ ಅದನ್ನು ಬಿಚ್ಚಿ ಹುಡುಕುತ್ತಾರೆ.

"ಕೆಟ್ಟ ವಾಚು ಹೆಂಗೆಂಗರ ತಪ್ಪತೈತಿ. ಇದು ಬರೋಬ್ಬರಿ ಅರ್ಧಾನ ತಪ್ಪತೈತಿ. ಒಂದು ನಿಮಿಷ ಹೆಚ್ಚಿಲ್ಲ, ಕಡಿಮಿ ಇಲ್ಲ."

ಲೆನ್ಸ್ ಕಣ್ಣಿಗೆ ಸಿಕ್ಕಿಸಿಕೊಂಡು ನೋಡಿದೆ. ಒಂಬತ್ತರ ಅಂಕಿಯ ಬಳಿ ಹುಬ್ಬಳ್ಳಿಯ ಬಣ್ಣ ಈಚೆಗಷ್ಟೇ ಚೂರು ಎದ್ದಂತಿತ್ತು. ಅದರಡಿ ಮಸುಕಾಗಿ ಇನ್ನೊಂದು ಅಂಕಿ. ಹದಿನೆಂಟು.

ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದೆ, ಹದಿನೆಂಟೇ.

ಅದು ಇಪ್ಪತ್ನಾಲ್ಕು ತಾಸಿನ ವಾಚು! ಲೆನಿನ್‌ಗ್ರಾಡಿನದು. ತಾಸಿನ ಮುಳ್ಳು ದಿನಕ್ಕೆ ಒಂದೇ ಸುತ್ತು, ನಮ್ಮ ವಾಚುಗಳಂತೆ ಎರಡಲ್ಲ. ಧ್ರುವದ ಕಡೆ ಹೋಗುವವರಿಗೆಂದು ಇಂಥವನ್ನು ಮಾಡುತ್ತಿದ್ದರಂತೆ. ತಿಂಗಳುಗಟ್ಟಲೆ ಹೊತ್ತೇ ಮುಳುಗದ ಕಡೆ, ಈಗ ಹನ್ನೆರಡು ಎಂದರೆ ಮಧ್ಯಾಹ್ನವೋ ಮಧ್ಯರಾತ್ರಿಯೋ ತಿಳಿಯಬೇಡವೇ? ವರ್ಷಗಟ್ಟಲೆ ನಾನು ಫೋಟೋದಲ್ಲಷ್ಟೇ ನೋಡಿದ್ದ ವಾಚು ನನ್ನ ಅಂಗೈಯಲ್ಲಿ ಟಿಕ್ ಟಿಕ್ ಎನ್ನುತ್ತಿತ್ತು.

ಸುಮ್ಮನೆ ಪರ್ಸಿಗೆ ಹಾಕಿಕೊಂಡು ಎದ್ದುಬರಬಹುದಿತ್ತು. (ಸುಳ್ಳೇಕೆ, ಹಾಗನ್ನಿಸಿತು ಕೂಡ.) ಆದರೆ ಚಾಚಾ ನನ್ನ ಮುಖವನ್ನೇ ನೋಡುತ್ತಿದ್ದರು. ಹೇಳಿದೆ.

ಅವರು ತಾವೂ ಲೆನ್ಸ್ ಹಾಕಿ ಆ ಹದಿನೆಂಟನ್ನು ಬಹಳ ಹೊತ್ತು ನೋಡಿದರು.

"ಅಂದ್ರ ಮಶೀನು ಖರೇನ ಹೇಳಾಕತ್ತಿತ್ತು. ನಾನ ಅದರ ಮಾರಿ ಅಳಿಸಿಬಿಟ್ಟೆ."

ಅವರ ಮುಖದಲ್ಲಿ ಬೇಸರಕ್ಕಿಂತ ಬೆರಗೇ ಹೆಚ್ಚಿತ್ತು. ಆಮೇಲೆ ಯಾರ ಯಾರನ್ನೋ ಕೇಳಿ ಮಾಸ್ತರರ ನಂಬರ್ ಹುಡುಕಿ ಫೋನ್ ಹಚ್ಚಿದರು. ಕಿವಿ ಮಂದ, ಹಾಗಾಗಿ ಸ್ಪೀಕರ್ ಆನ್. ವಾಚು ಕೆಟ್ಟಿಲ್ಲ, ಅಂಕಿ ಹಾಕಿಸಿದ್ದೇ ತಪ್ಪು, ಆ ತಪ್ಪು ತಮ್ಮದೇ ಎಂದರು. ಅಂದು ಬೈಸಿಕೊಂಡದ್ದರ ಮಾತೇ ಎತ್ತಲಿಲ್ಲ.

ಆ ಕಡೆಯಿಂದ ಮಾಸ್ತರರ ಮುದಿ ದನಿ ಕೇಳಿತು, "ಲೇ ಮಕ್ತುಂ, ಅದಿನ್ನೂ ನಡೀತೈತೇನಲೇ?"

"ನಡೀದ ಏನ್ರಿ ಮಾಸ್ತರ್ರ. ದಿನಾ ಮುಂಜಾನಿ ಚಾವಿ ಕೊಟ್ಟೇನಿ."

ಸೋಮವಾರ ಶಿರಹಟ್ಟಿ ಬಸ್ಸಿಗೆ ಮಾಸ್ತರರು ಬರುತ್ತಾರಂತೆ, ತಮ್ಮ ವಾಚು ಒಯ್ಯಲು. ನನಗೆ ಹೊಟ್ಟೆಯುರಿ ಇಲ್ಲವೆಂದಲ್ಲ. ಆದರೂ, ತಮ್ಮದಲ್ಲದ ವಾಚಿಗೆ ಒಂದು ದಿನವೂ ತಪ್ಪದೆ ಚಾವಿ ಕೊಟ್ಟವರ ಮುಂದೆ ನಾನೆಂಥ ಸಂಗ್ರಾಹಕಿ?