ಎರಡು ಲಗ್ನ, ಒಂದೇ ದಾರಿ

ಸಿಂದಗಿಯ ಕಾಲೇಜಿನಲ್ಲಿ ನಾವಿಬ್ಬರೂ ಕಿಟಕಿ ಪಕ್ಕದ ಬೆಂಚಿನವರು. ನಾನು ಹೂವಿನ ಹಿಪ್ಪರಗಿಯವಳು, ಗೆಳತಿ ಮೋರಟಗಿಯವಳು. ಒಂದು ಮಧ್ಯಾಹ್ನ ಇಂಗ್ಲಿಷ್ ಸರ್ ‘ಕ್ಲ್ಯಾಶ್ ವಿತ್’ ಎಂಬ ನುಡಿಗಟ್ಟನ್ನು ಬಿಡಿಸಿ ಹೇಳುತ್ತಿದ್ದರು. ಮೊದಲಿಗೆ ಅದು ಲೋಹಕ್ಕೆ ಲೋಹ ಬಡಿದ ಸದ್ದು, ಆಮೇಲೆ ಜಗಳ, ಒಂದಕ್ಕೊಂದು ಒಪ್ಪದ ಬಣ್ಣಗಳಿಗೂ ಅದೇ ಮಾತು, ಒಂದೇ ದಿನ ಬಿದ್ದ ಎರಡು ಕಾರ್ಯಗಳಿಗೂ ಅದೇ.

ಗೆಳತಿ ಎದ್ದು ನಿಂತಳು. “ಬಣ್ಣದ್ದು ತಿಳೀತ್ರಿ ಸರ. ದಿನ ಹೆಂಗ ಹೊಡದಾಡ್ತಾವ್ರಿ?”

“ದಿನ ಹೊಡದಾಡಂಗಿಲ್ಲವ್ವಾ. ಎರಡೂ ಕಡೆ ಹೋಗಬೇಕು ಅನಸ್ತೈತಲ್ಲ, ಆ ಮನಸ್ಸು ಹೊಡದಾಡ್ತೈತಿ.”

ಓದು ಮುಗಿದ ಮೇಲೆ ಅವಳ ನಿಖಾ, ನನ್ನ ಲಗ್ನ ಒಂದೇ ದಿನಕ್ಕೆ ಗೊತ್ತಾದವು. ಒಬ್ಬರ ಲಗ್ನದಲ್ಲಿ ಇನ್ನೊಬ್ಬರು ಪಕ್ಕದಲ್ಲೇ ಇರಬೇಕೆಂದು ಮಾತಾಗಿತ್ತು. ಸುದ್ದಿ ಗೊತ್ತಾದ ಕೂಡಲೇ ಅವಳು ಫೋನು ಮಾಡಿದಳು. “ಕ್ಲ್ಯಾಶ್ ಆತಲ್ಲಲೇ,” ಎಂದು ಅತ್ತಳು.

ಅವ್ವನನ್ನು ಕೇಳಿ ನೋಡಿದೆ. “ಪತ್ರಿಕಿ ಹಂಚೇವಿ. ಈಗ ಹೆಂಗ ಬದ್ಲ ಮಾಡೂದವಾ?” ಎಂದಳು.

ನನ್ನನ್ನು ಕೊಟ್ಟದ್ದು ಇಂಡಿಗೆ, ಗೆಳತಿಯನ್ನು ಮುದ್ದೇಬಿಹಾಳಕ್ಕೆ. ಲಗ್ನ ಮುಗಿದು ನಮ್ಮೂರಿನಿಂದ ಕಾರು ಹೊರಟಾಗ ಬಿಸಿಲು ಇಳಿದಿತ್ತು. ತೊಗರಿ ಹೂ ಬಿಟ್ಟಿತ್ತು. ತೂಕಡಿಕೆಯಲ್ಲಿ ಆ ಹಳದಿ ಹೊಲಗಳೂ ನನ್ನ ಜೊತೆ ಗಂಡನ ಮನೆಗೆ ಬರುತ್ತಿರುವಂತೆ ಕಾಣುತ್ತಿದ್ದವು. ಆಗ ಗೆಳತಿಯ ಫೋನು ಬಂತು.

“ನಾವು ದೇವರಹಿಪ್ಪರಗಿ ದಾಟೇವಿ. ನೀ ಎಲ್ಲಿದ್ದಿ?”

ಅದೇ ರಸ್ತೆಯಲ್ಲಿ ಅವಳು ನನಗೆ ಎದುರಾಗಿ ಬರುತ್ತಿದ್ದಳು!

ಗಂಡನ ಜೊತೆ ಅದುವರೆಗೆ ಸರಿಯಾಗಿ ಒಂದು ಮಾತೂ ಆಡಿರಲಿಲ್ಲ. “ಗಾಡಿ ನಿಲ್ಲಸ್ತೀರೇನ್ರಿ?” ಎಂದೆ. ಜೊತೆಗಿದ್ದ ಅವರ ಸೋದರತ್ತೆ, “ಹೊತ್ತು ಮುಳಗೂದ್ರಾಗ ಮನಿ ಮುಟ್ಟಬೇಕು,” ಎಂದು ಗೊಣಗಿದರು. ನನ್ನ ಗಂಡ ಡ್ರೈವರನ ಭುಜ ಮುಟ್ಟಿದರು.

ಧೂಳಿನೊಳಗಿಂದ ಹೂವಿನ ಕಾರೊಂದು ತೇಲಿದಂತೆ ಬಂತು. ಕೆಂಪು ಬಟ್ಟೆಯಲ್ಲಿ ಅವಳು ಇಳಿದಳು, ಹಸಿರು ಸೀರೆಯಲ್ಲಿ ನಾನು. ಅಪ್ಪಿಕೊಂಡದ್ದೇ ತಡ, ನನ್ನ ಹಣೆಯ ಬಾಸಿಂಗ ಅವಳ ಮುಖದ ಮೇಲಿನ ಸೆಹರಾದ ಹೂದಾರಕ್ಕೆ ಸಿಕ್ಕಿಕೊಂಡಿತು. ಅಲುಗಿದರೆ ಹರಿಯುತ್ತಿತ್ತು. ಹಣೆಗೆ ಹಣೆ ಹಚ್ಚಿ, ನಗುತ್ತ ಅಳುತ್ತ ನಿಂತೆವು. ಒಬ್ಬರಿಗೊಬ್ಬರು ಗುರುತೇ ಇಲ್ಲದ ಗಂಡಂದಿರಿಬ್ಬರೂ ಬಗ್ಗಿ ದಾರ ಬಿಡಿಸತೊಡಗಿದರು.

“ಈ ಕಡೆ ಹಿಡೀರಿ ಅಣ್ಣಾರ.”

“ಸಾವಕಾಶ್ರೀ, ಹರದೀತು.”

ಗೊಣಗುತ್ತಿದ್ದ ಸೋದರತ್ತೆಯೂ ಇಳಿದು ಬಂದು ಗೆಳತಿಯ ಬಾಯಿಗೆ ಬುಂದೆ ಉಂಡಿ ಇಟ್ಟರು. ಆಮೇಲೆ ಅವಳ ಕಾರು ದಕ್ಷಿಣಕ್ಕೆ ಹೋಯಿತು, ನಮ್ಮದು ಉತ್ತರಕ್ಕೆ.

“ಯಾರಕಿ?” ಎಂದರು ನನ್ನ ಗಂಡ. ಹೇಳತೊಡಗಿದೆ. ಇಂಡಿಯ ದೀಪಗಳು ಕಾಣುವವರೆಗೂ ಅವರು ಕೇಳುತ್ತಲೇ ಇದ್ದರು. ಅವರ ಬಗ್ಗೆ ನನಗಿದ್ದ ಅಂಜಿಕೆ ಯಾವ ಹೊಲದ ಬದಿಯಲ್ಲಿ ಇಳಿದು ಹೋಯಿತೋ, ತಿಳಿಯಲೇ ಇಲ್ಲ.