ಕಾಕು ನಿಂತ ಚುನಾವಣೆ

ಕಳೆದ ವಾರ ನಾಗಪುರದ ಇತವಾರಿ ಪೇಟೆಯ ಓಣಿಯೊಂದರಲ್ಲಿ ಕೈಗಾಡಿಗಳ ನಡುವೆ ದಾರಿ ಮಾಡಿಕೊಂಡು ಹೋಗುತ್ತಿದ್ದಾಗ ಹುರಿದ ಅಗಸಿ ಬೀಜದ ವಾಸನೆ ಬಂತು. ಯಾವುದೋ ಅಂಗಡಿಯ ಹಿಂದೆ ಚಟ್ನಿಪುಡಿಗೆ ಹುರಿಯುತ್ತಿದ್ದರು. ಟೆಂಪೋದವನು ಹಾರ್ನ್ ಹೊಡೆದಾಗಲೇ ನಾನು ನಡುರಸ್ತೆಯಲ್ಲಿ ನಿಂತುಬಿಟ್ಟಿದ್ದೇನೆಂದು ತಿಳಿದದ್ದು. ಎದುರು ಮನೆಯ ಕಾಕು ನೆನಪಾಗಿದ್ದರು...

ಕಾಕು ಅಂದರೆ ಚಿಕ್ಕಮ್ಮ, ಎಲ್ಲರೂ ಅವರನ್ನು ಹಾಗೇ ಕರೆಯುತ್ತಿದ್ದರು. ವಿಜಯಪುರದ ಕಡೆಯವರು. ಗಂಡ ವಾಯುಸೇನೆಯಲ್ಲಿದ್ದರು, ಅವರು ತೀರಿಕೊಂಡ ಮೇಲೂ ಕಾಕು ನಾಗಪುರ ಬಿಡಲಿಲ್ಲ. ಸದರ್ ಬಡಾವಣೆಯಲ್ಲಿದ್ದ ನಮ್ಮ ಕನ್ನಡ ಸಂಘದ ಸಭಾಂಗಣದಲ್ಲಿ ಪ್ರತಿ ಭಾನುವಾರ ಮಕ್ಕಳಿಗೆ ಓದು ಬರಹ ಕಲಿಸುತ್ತಿದ್ದರು. ಮನೆಯಲ್ಲಿ ಕನ್ನಡ ಆಡಿದರೂ ಊರಿಗೆ ಹೋದಾಗ ಬಸ್ಸಿನ ಬೋರ್ಡು ಓದಲಾಗದ ಮಕ್ಕಳು ಅವು. ಒತ್ತಕ್ಷರ ತಪ್ಪಿದರೆ ಕಾಕು ಜೋರಾಗಿ ಬೈಯುತ್ತಿದ್ದರು, ಪಾಠ ಮುಗಿದ ಮೇಲೆ ಅಗಸಿ ಚಟ್ನಿ ಹಚ್ಚಿದ ರೊಟ್ಟಿ ಕೊಡುತ್ತಿದ್ದರು.

ಒಂದು ವರ್ಷ ಬೇಸಿಗೆಯಲ್ಲಿ ಸಂಘದ ಅಧ್ಯಕ್ಷರ ಚುನಾವಣೆ ಬಂತು. ಸಂಘದಲ್ಲಿ ಎರಡು ಗುಂಪು. ತಾವು ಗೆದ್ದರೆ ಸಭಾಂಗಣವನ್ನು ಕೋಚಿಂಗ್ ಕ್ಲಾಸಿನವರಿಗೆ ಬಾಡಿಗೆಗೆ ಕೊಡುವುದಾಗಿ ಎದುರು ಗುಂಪಿನವರು ಬಹಿರಂಗವಾಗಿಯೇ ಹೇಳಿದ್ದರು. ಹಾಗಾದರೆ ಭಾನುವಾರದ ಪಾಠ ನಿಂತಂತೆಯೇ. ನಮ್ಮ ಗುಂಪಿನಿಂದ ಯಾರು ನಿಲ್ಲಬೇಕೆಂದು ಮೊದಲು ನಮ್ಮೊಳಗೇ ಮತ ಹಾಕಿ ಆರಿಸುವುದೆಂದಾಯಿತು. ಎರಡು ಹೆಸರು ಬಂದವು. ಒಂದು ಕಾಕುವಿನದು, ಇನ್ನೊಂದು ಬ್ಯಾಂಕಿನಿಂದ ನಿವೃತ್ತರಾದ ಮೈಸೂರಿನ ಮ್ಯಾನೇಜರರದು.

ಸಭೆ ಸೇರಿದ್ದು ನಮ್ಮ ಮನೆಯಲ್ಲೇ. ಕೂಲರಿನ ಸದ್ದು ಮೀರಿ ಎಲ್ಲರೂ ಗಂಟಲೇರಿಸಿ ವಾದಿಸಿದರು. ಯಾರು ಚೆನ್ನಾಗಿ ಕೆಲಸ ಮಾಡುತ್ತಾರೆ ಎಂಬ ಮಾತೇ ಏಳಲಿಲ್ಲ. ಯಾರು ಗೆದ್ದಾರು ಎಂಬುದೊಂದೇ. ಬೆಂಗಳೂರು, ಮೈಸೂರು ಕಡೆಯವರು ಕಾಕುವಿಗೆ ಮತ ಹಾಕುವುದಿಲ್ಲ. ಕಾಕುವಿನ ಕನ್ನಡದಲ್ಲಿ ಅರ್ಧ ಮರಾಠಿ. ಹೆಂಗಸು ಅಧ್ಯಕ್ಷೆ ಆಗುವುದನ್ನು ಹಳಬರು ಒಪ್ಪುವುದಿಲ್ಲ... ಕಾಕು ಮೂಲೆಯ ಕುರ್ಚಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡರು.

ಮ್ಯಾನೇಜರ್ ಸಜ್ಜನರು. ತಮ್ಮ ಪರವಾಗಿ ಮಾತಾಡಲು ಅವರಿಗೇ ಸಂಕೋಚ. "ಅವ್ರ ಯೋಗ್ಯತೆ ಬಗ್ಗೆ ಎರಡು ಮಾತಿಲ್ಲ," ಅಂದರು. "ನನ್ನ ಓಟು ಅವರಿಗೇ ಹಾಕ್ತಿದ್ದೆ. ಆದ್ರೆ ಬೇರೆಯವರು ಹಾಕಲ್ವಲ್ಲ!"

ಹೌದು ಹೌದು ಎಂದು ನಾಲ್ಕಾರು ದನಿ ಕೂಡಿದವು. ಆಗ ಕಾಕು ಎದ್ದು ನಿಂತರು.

"ಇಲ್ಲಿದ್ದವರೆಲ್ಲಾ ನನಗ ಹಾಕ್ತೀವಿ ಅಂತೀರಿ. ಬ್ಯಾರೆದವರು ಹಾಕೂದಿಲ್ಲ ಅಂತೀರಿ. ಆ ಬ್ಯಾರೆದವರ ಮನೀಗೆ ಯಾರರ ಹೋಗಿ ಕೇಳಿ ಬಂದೀರೇನ್ರಿ?"

ಯಾರೂ ಹೋಗಿರಲಿಲ್ಲ.

"ಹಂಗಾರ ನಾ ಹೋಗಿ ಕೇಳ್ತೀನಿ. ಇಲ್ಲ ಅಂದ್ರ ಅವರ ಬಾಯಿಂದನ ಕೇಳೂಣಂತ. ನಿಮ್ಮ ಬಾಯಿಂದ ಯಾಕ?"

ಚೀಟಿ ಹಾಕಿದೆವು. ಕಾಕು ಆಯ್ಕೆಯಾದರು, ಅದೂ ಸಲೀಸಾಗಿ. ಮರುದಿನದಿಂದಲೇ ಕಾಕುವಿನ ಸ್ಕೂಟಿ ಹೊರಟಿತು. ಹಿಂದಿನ ಸೀಟಿನಲ್ಲಿ ನಾನು. ಕಾಮ್ಠಿಯ ಸೇನೆಯ ಕ್ವಾರ್ಟರ್ಸು, ಮೌದಾದ ವಿದ್ಯುತ್ ಸ್ಥಾವರದ ಕಾಲೊನಿ, ಯಾವುದನ್ನೂ ಬಿಡಲಿಲ್ಲ. ಮುಖಕ್ಕೆ ದುಪಟ್ಟಾ ಸುತ್ತಿಕೊಂಡರೂ ಬಿಸಿಗಾಳಿ ಕಣ್ಣು ಸುಡುತ್ತಿತ್ತು. ಕಾಮ್ಠಿಯ ಒಂದು ಮನೆಯಲ್ಲಿ ಹಾಸನದ ಕಡೆಯ ಹುಡುಗಿ, ಸೈನಿಕನ ಹೆಂಡತಿ, ಬಾಗಿಲಲ್ಲೇ ನಿಂತು, "ನಮಗೂ ಓಟಿದೆ ಅಂತಾನೇ ಗೊತ್ತಿರ್ಲಿಲ್ಲ ಆಂಟಿ. ಇಲ್ಲೀತನಕ ಯಾರೂ ಬಂದೇ ಇಲ್ಲ," ಅಂದಳು.

"ಈಗ ಬಂದೇನಲ್ಲವಾ. ಒಂದ್ ಗ್ಲಾಸ್ ನೀರು ಕೊಡು, ಜಲ್ದಿ. ಕುಂತು ಮಾತಾಡೂಣು."

ಅಲ್ಲಿಂದ ಏಳುವಷ್ಟರಲ್ಲಿ ಆ ಸಾಲಿನ ಕನ್ನಡದ ಹೆಂಗಸರೆಲ್ಲ ಒಂದೇ ಕೋಣೆಯಲ್ಲಿದ್ದರು. ಕಾಕು ಸೋಲುವವರಲ್ಲ ಎಂದು ನನಗೆ ಅಲ್ಲೇ ಖಾತ್ರಿಯಾಯಿತು. ಎರಡನೆಯ ವಾರದಿಂದ ಮ್ಯಾನೇಜರರೂ ಜೊತೆಗೆ ಬಂದರು. ಮೈಸೂರು ಕಡೆಯವರ ಮನೆಗಳಲ್ಲಿ ಮೊದಲು ಅವರೇ ಒಳಗೆ ಹೋಗಿ, "ಇವ್ರಿಗೆ ಹಾಕಿ, ನಾನೂ ಹಾಕ್ತೀನಿ," ಅನ್ನುತ್ತಿದ್ದರು. ಅದಕ್ಕಿಂತ ದೊಡ್ಡ ಭಾಷಣ ಬೇಕಾಗಲಿಲ್ಲ.

ಕಾಕು ಗೆದ್ದರು. ಸಭಾಂಗಣ ಉಳಿಯಿತು. ಫಲಿತಾಂಶದ ಸಂಜೆ ಮ್ಯಾನೇಜರ್ ಕೈಮುಗಿದು, "ನನ್ನ ಲೆಕ್ಕಾಚಾರ ಪೂರ್ತಿ ತಪ್ಪಾಯ್ತು ಕಣಮ್ಮಾ," ಅಂದರು. ಕಾಕು ನಕ್ಕರು. "ಲೆಕ್ಕ ಬರೋಬರ್ ಇತ್ರಿ ಸರ. ಅದರಾಗ ನಿಮ್ಮನ್ನ ನೀವು ಹಿಡಿದಿರಲಿಲ್ಲ, ಅಷ್ಟ."

ಕಾಕು ಈಗಿಲ್ಲ. ಹೋದ ವರ್ಷದ ಬೇಸಿಗೆಯಲ್ಲಿ ತೀರಿಕೊಂಡರು. ಸಂಘದಲ್ಲಿ ಮತ್ತೆ ಚುನಾವಣೆ ಬಂದಿದೆ. ಮೊನ್ನೆಯ ಸಭೆಯಲ್ಲಿ ಹುಡುಗರು ಅರ್ಧ ಹಿಂದಿಯಲ್ಲಿ, ಅರ್ಧ ಮರಾಠಿಯಲ್ಲಿ ಅದೇ ವಾದ ಹೂಡಿದ್ದರು. ವಾಯುಸೇನೆಯ ಹುಡುಗಿಯೊಬ್ಬಳ ಹೆಸರು ಬಂದಿತ್ತು. ಒಳ್ಳೆಯವಳು, ಆದರೆ ತೀರಾ ಹೊಸಬಳು, ಗೆಲ್ಲಲಾರಳು ಎಂದು. ನಾನು ಎದ್ದು ಕಾಕುವಿನ ಕತೆ ಹೇಳಿದೆ. ಆ ಹುಡುಗಿ ಬೆನ್ನು ನೇರ ಮಾಡಿಕೊಂಡು ಕೂತಳು. ಅವಳು ನಿಲ್ಲುತ್ತಾಳೆ, ಗೆಲ್ಲುತ್ತಾಳೆ ಕೂಡ, ನನಗೆ ಅನುಮಾನವಿಲ್ಲ.

ಸಭೆ ಮುಗಿದ ಮೇಲೆ ಅವಳು ಹತ್ತಿರ ಬಂದು, "ಅವ್ರು ಹೇಗೆ ಮಾತಾಡ್ತಿದ್ರು? ಸ್ವಲ್ಪ ಅವ್ರ ಥರಾನೇ ಹೇಳಿ ತೋರಿಸ್ತೀರಾ?" ಅಂದಳು.

ಬಾಯಿ ತೆರೆದೆ. ಮಾತುಗಳೆಲ್ಲ ಒಂದೂ ಬಿಡದೆ ನೆನಪಿದ್ದವು. ಆ ದನಿ ಮಾತ್ರ ನನ್ನ ಗಂಟಲಿಗೆ ಬರಲಿಲ್ಲ...