ಅತ್ತಿಗೆ ಸಾಕಿದ ನೀರು

ಅತ್ತಿಗೆಯ ಕೈಗಳು ಮೊಣಕೈಯಿಂದ ಕೆಳಗೆ ಬೇರೆ ಯಾರದೋ ಕೈಗಳಂತೆ ಕಾಣುತ್ತಿದ್ದವು. ಮೇಲಿನ ತೋಳು ಎಣ್ಣೆಗಪ್ಪು. ಕೆಳಗೆ ಚರ್ಮ ಬಿಳಿಚಿ, ಬೆರಳ ಸಂದುಗಳಲ್ಲಿ ಒಡೆದು, ರಕ್ತ ಜಿನುಗಿ ಒಣಗಿದ ಸಣ್ಣ ಗೆರೆಗಳು. ಅವರು ಮನೆಯಲ್ಲಿ ಬೀಡಿ ಕಟ್ಟುತ್ತಿದ್ದರು. ಹೊಗೆಸೊಪ್ಪಿನ ಪುಡಿ ನೀರಿಗೆ ಸೇರಿದರೆ ಮೀನು ಸಾಯುತ್ತದೆ ಎಂದು ತಿಳಿದ ಮೇಲೆ, ಗಾಜಿನ ತೊಟ್ಟಿಗೆ ಕೈ ಹಾಕುವ ಮುಂಚೆ ಪ್ರತಿಸಲವೂ ಕಲ್ಲುಪ್ಪು ಹಾಕಿ ಉಜ್ಜಿ ತೊಳೆಯುತ್ತಿದ್ದರು. ಸೋಪು ಹಚ್ಚುವಂತಿಲ್ಲ, ಅದೂ ಮೀನಿಗೆ ಆಗದು. ಗಾಯದ ಕೈಯನ್ನು ತೊಟ್ಟಿಗೆ ಅದ್ದಬಾರದು, ಕೈಗೇ ರೋಗ ಹತ್ತುತ್ತದೆ ಎಂದು ಊರಿಗೆಲ್ಲ ಹೇಳುತ್ತಿದ್ದವರು ತಮ್ಮ ಕೈಯ ವಿಷಯದಲ್ಲಿ ಮಾತ್ರ ಆ ಮಾತು ಕೇಳಲಿಲ್ಲ.

ಮೀನು ಅವರ ಆಸೆಯಿಂದ ಮನೆಗೆ ಬಂದದ್ದಲ್ಲ. ನನ್ನ ಅಣ್ಣ ಲೈನ್‌ಮ್ಯಾನ್ ಆಗಿದ್ದ. ಒಂದು ಮಳೆಗಾಲ ತಂತಿಯ ಮೇಲೆ ಬಿದ್ದ ಕೊಂಬೆ ತೆಗೆಯಲು ಕಂಬ ಹತ್ತಿದ್ದಾಗ ಅದೇ ಮರದ ಇನ್ನೊಂದು ಕೊಂಬೆ ಮುರಿದು ಅವನನ್ನು ಹೊಡೆದು ಕೆಡವಿತು. ಪ್ರಾಣ ಉಳಿಯಿತು, ಕೈಗಳು ಆಡುತ್ತಿದ್ದವು, ಎದೆಯಿಂದ ಕೆಳಗೆ ಸ್ಪರ್ಶ ಉಳಿಯಲಿಲ್ಲ. ಅವರಿಗೆ ಮಕ್ಕಳಿರಲಿಲ್ಲ. ಪೆರಾಬೆಯಲ್ಲಿ ರಸ್ತೆಗೆ ಮುಖ ಮಾಡಿದ ಸಣ್ಣ ತಾರಸಿ ಮನೆ. ಅದರ ಮುಂದಿನ ಕೋಣೆಯಲ್ಲಿ ಮಂಚ, ಮಂಚದ ಮೇಲೆ ಕರೆಂಟಿನ ಪಂಪಿನಿಂದ ನಡೆಯುವ ಗಾಳಿಹಾಸಿಗೆ. ಅದರ ಒಂದೊಂದು ಸಾಲು ಸರದಿಯಲ್ಲಿ ಉಬ್ಬಿ ಇಳಿಯುತ್ತಿತ್ತು, ಬೆನ್ನಿನ ಒಂದೇ ಜಾಗದ ಮೇಲೆ ಭಾರ ಬಿದ್ದು ಹುಣ್ಣಾಗದಿರಲಿ ಎಂದು. ನಾನು ಪುತ್ತೂರಿನಲ್ಲಿ ಒಂದು ಮುದ್ರಣಾಲಯದಲ್ಲಿ ಕೆಲಸಕ್ಕಿದ್ದೆ. ಭಾನುವಾರ ಹೋಗುತ್ತಿದ್ದೆ.

ಮಲಗಿದಲ್ಲೇ ನೋಡಲು ಏನಾದರೂ ಇರಲಿ ಎಂದು ಅಣ್ಣನ ಜತೆಯವರು ಒಂದು ತೊಟ್ಟಿ ತಂದು ಅವನ ಕಣ್ಣಿನ ಎತ್ತರಕ್ಕೆ ಇಟ್ಟು, ನೀರು ತುಂಬಿಸಿ, ಅವತ್ತೇ ಗೋಲ್ಡ್‌ಫಿಶ್ ಬಿಟ್ಟು ಹೋದರು. ಆ ವಾರದೊಳಗೆ ಮೀನುಗಳು ಮೇಲಕ್ಕೆ ಬಂದು ಬಾಯಿ ಬಾಯಿ ಬಿಟ್ಟು ಒಂದೊಂದಾಗಿ ಸತ್ತವು. ಎದುರಿಗೇ ಸಾಯುತ್ತಿದ್ದ ಮೀನನ್ನು ಎತ್ತಲು ಎದ್ದು ಹೋಗಲಾರದ ಅಣ್ಣ ಹಿತ್ತಿಲಿನಲ್ಲಿದ್ದ ಅತ್ತಿಗೆಯನ್ನು ಕೂಗಿ ಕೂಗಿ ಸೋತನಂತೆ. ಕೊನೆಯದು ಸತ್ತ ದಿನ ಗೋಡೆಯ ಕಡೆ ಮುಖ ತಿರುಗಿಸಿದವನು ಊಟವನ್ನೇ ಮಾಡಲಿಲ್ಲ.

ಬೇರೆಯವರಾಗಿದ್ದರೆ ತೊಟ್ಟಿಯನ್ನು ಹೊರಗೆ ಹಾಕುತ್ತಿದ್ದರು. ಅತ್ತಿಗೆಗೆ ಮೀನು ಯಾಕೆ ಸತ್ತಿತು ಎಂದು ತಿಳಿಯಬೇಕಿತ್ತು. ಪುತ್ತೂರು, ಸುಳ್ಯ, ಕಡಬದ ಕಡೆ ಮೀನು ಸಾಕುವವರದ್ದೊಂದು ವಾಟ್ಸಾಪ್ ಗುಂಪಿತ್ತು. ಅದಕ್ಕೆ ಸೇರಿಕೊಂಡರು. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿದರು. ಮೀನಿನ ಹೊಲಸು ನೀರಿನಲ್ಲಿ ವಿಷವಾಗುತ್ತದೆ, ಆ ವಿಷವನ್ನು ತಿಂದು ತೀರಿಸುವ ಕಣ್ಣಿಗೆ ಕಾಣದ ಜೀವಿಗಳು ಹೊಸ ನೀರಿನಲ್ಲಿ ಇರುವುದಿಲ್ಲ, ಅವು ಬೆಳೆಯಲು ವಾರಗಟ್ಟಲೆ ಬೇಕು ಎಂದು ಅವರಿಗೆ ಗೊತ್ತಾದದ್ದು ಹಾಗೆ. ಮೀನೇ ಇಲ್ಲದ ತೊಟ್ಟಿಗೆ ಚಿಟಿಕೆ ಆಹಾರ ಹಾಕಿ, ಪಂಪು ನಡೆಸಿ ಕಾದರು. ಬಂದವರು ಬರೀ ನೀರು ಸಾಕ್ತೀರಾ ಎಂದು ನಗುತ್ತಿದ್ದರು. ಹೌದು ಎನ್ನುತ್ತಿದ್ದರು ಅತ್ತಿಗೆ. ಆಮೇಲೆ ಬಿಟ್ಟ ಗಪ್ಪಿ, ಮೋಲಿಗಳು ಉಳಿದವು, ಮರಿ ಹಾಕಿದವು. ಅಣ್ಣ ಗೋಡೆಯಿಂದ ಈಚೆ ತಿರುಗಿದ. ಯಾವ ಮೀನು ಮಂಕಾಗಿದೆ, ಯಾವುದು ರೆಕ್ಕೆ ಮುದುಡಿಕೊಂಡಿದೆ ಎಂದು ಮೊದಲು ಗೊತ್ತಾಗುತ್ತಿದ್ದದ್ದು ಅವನಿಗೇ.

ಕೆಲವು ವರ್ಷಗಳಲ್ಲಿ ಗುಂಪಿನಲ್ಲಿ ಯಾರು ಏನು ಕೇಳಿದರೂ ಅತ್ತಿಗೆಯ ಉತ್ತರಕ್ಕೆ ಕಾಯುವ ಹಾಗಾಯಿತು. ಬರೆಯುವಷ್ಟು ಪುರುಸೊತ್ತಿಲ್ಲದ್ದರಿಂದ, ಬೀಡಿ ಕಟ್ಟುತ್ತಲೇ ಮಾತನ್ನು ರೆಕಾರ್ಡು ಮಾಡಿ ಕಳಿಸುತ್ತಿದ್ದರು. ಮಾತು ಒರಟು. ಸತ್ತ ಮೀನಿನ ಫೋಟೊ ಹಾಕಿದವರಿಗೆ, "ಅದನ್ನು ನೋಡಿ ಎಂತ ಮಾಡುದು? ನೀರಿನ ಫೋಟೊ ಹಾಕಿ" ಎನ್ನುತ್ತಿದ್ದರು. ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ಬೆಳ್ಳಗೆ ತೊಳೆದವರಿಗೆ ಬೈಗುಳವೇ. ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲೇ ಹಿಂಡಬೇಕು, ಇಲ್ಲವಾದರೆ ಕಾಯುವ ಜೀವಿಗಳೆಲ್ಲ ಸಾಯುತ್ತವೆ. ನೀರನ್ನು ಒಮ್ಮೆಗೇ ಪೂರ್ತಿ ಬದಲಿಸಬಾರದು. ಪೇಟೆಯ ನಲ್ಲಿನೀರನ್ನು ಬಕೆಟಿನಲ್ಲಿ ಒಂದು ದಿನ ತೆರೆದಿಟ್ಟು ಬ್ಲೀಚಿಂಗಿನ ವಾಸನೆ ಹೋದ ಮೇಲೆ ಹೊಯ್ಯಬೇಕು. ಹೊಸ ಮೀನನ್ನು ಕೆಲವು ವಾರ ಬೇರೆಯೇ ಇಟ್ಟು ನೋಡಬೇಕು. ಕುಂಬ್ರದವರೊಬ್ಬರು ತಮ್ಮ ಮೀನುಗಳು ಯಾವಾಗಲೂ ಹಸಿದಿರುತ್ತವೆ, ಕಂಡ ಕೂಡಲೇ ಓಡಿ ಬರುತ್ತವೆ ಎಂದಾಗ ಅತ್ತಿಗೆ ಹೇಳಿದ್ದು ನನಗೆ ಬಾಯಿಪಾಠ: "ಹಸಿವಾಗಿ ಅಲ್ಲ, ನೀವು ಹಾಕ್ತೀರಿ ಅಂತ ಬರುದು. ನಿಮ್ಮ ಪ್ರೀತಿಯೆಲ್ಲ ಅಡಿಯಲ್ಲಿ ಹೋಗಿ ಕೊಳೀತದೆ."

ನಡುನಡುವೆ ರೆಕಾರ್ಡಿನಲ್ಲಿ ಅಣ್ಣನ ದನಿಯೂ ಕೇಳುತ್ತಿತ್ತು, ಉಪ್ಪಿನ ವಿಷಯ ಹೇಳು ಎಂದು ನೆನಪಿಸುವುದು. ಆ ಮನೆಯಲ್ಲಿ ನಗು ಇದ್ದ ವರ್ಷಗಳು ಅವು.

ಆಮೇಲೆ ಆ ಜೂನ್ ಬಂತು. ಗಾಳಿಗೆ ಮರಗಳು ಬಿದ್ದು ಸಾಲುಸಾಲು ಕಂಬ ಮುರಿದವು. ಮಲಗಿದ್ದಲ್ಲಿಂದಲೇ ಅಣ್ಣ ಜತೆಯವರಿಗೆ ಫೋನು ಮಾಡಿ, ಕರೆಂಟು ಸದ್ಯ ಬರುವುದಿಲ್ಲ ಎಂದು ಅತ್ತಿಗೆಗೆ ಹೇಳಿದ. ಮನೆಯಲ್ಲಿ ಹಳೆಯ ಇನ್ವರ್ಟರ್ ಒಂದಿತ್ತು, ಬ್ಯಾಟರಿ ಮುಗಿಯುತ್ತ ಬಂದದ್ದು. ಅತ್ತಿಗೆ ದೀಪ ಆರಿಸಿದರು, ತೊಟ್ಟಿಯ ಪಂಪು ತೆಗೆದರು, ಗಾಳಿಹಾಸಿಗೆ ಒಂದನ್ನೇ ಅದಕ್ಕೆ ಉಳಿಸಿದರು. ಮೀನಿಗೆ ಗಾಳಿ ಸಿಗಲು ತೊಟ್ಟಿಯ ನೀರನ್ನೇ ಚೊಂಬಿನಲ್ಲಿ ಎತ್ತಿ ಎತ್ತರದಿಂದ ಹೊಯ್ಯುತ್ತ ಕೂತರು. ಮಗ್ಗುಲು ಬದಲಿಸುವುದು, ಗಂಜಿ ಕೊಡುವುದು, ಮತ್ತೆ ಬಂದು ಹೊಯ್ಯುವುದು. ಎರಡನೆಯ ದಿನಕ್ಕೆ ಬಲದ ತೋಳು ಹೆಗಲ ಮಟ್ಟಕ್ಕೆ ಏಳುತ್ತಿರಲಿಲ್ಲ.

ಇನ್ವರ್ಟರ್ ಕಿರುಚಲು ಶುರುವಾದಾಗ, ಕಡಬದಲ್ಲಿ ಯಾರಾದರೂ ಬ್ಯಾಟರಿ ಕೊಡುತ್ತಾರೋ ನೋಡುತ್ತೇನೆಂದು ಬೆಳಿಗ್ಗೆ ಹೊರಟರು. ಬೇಗ ಬರುವವರಿದ್ದರು. ರಸ್ತೆಗೆ ಮರ ಬಿದ್ದು ಅಲ್ಲೇ ಸಿಕ್ಕಿಕೊಂಡರು. ಬ್ಯಾಟರಿ ಹಿಡಿದು ಸಂಜೆ ಬಂದಾಗ ಪಕ್ಕದ ಮನೆಯಾಕೆ ಆಗಲೇ ಒಳಗೆ ಬಂದು ನಿಂತಿದ್ದರು. ತೊಟ್ಟಿಯಲ್ಲಿ ಗುಳ್ಳೆ ಏಳುತ್ತಿತ್ತು. ಗಾಳಿಹಾಸಿಗೆ ಚಪ್ಪಟೆಯಾಗಿ, ಅಣ್ಣ ಮಂಚದ ಹಲಗೆಯ ಮೇಲೆ ಮಲಗಿದಂತೆ ಮಲಗಿದ್ದ. ಅತ್ತಿಗೆ ತೊಟ್ಟಿಯ ಪ್ಲಗ್ ತೆಗೆದು ಹಾಸಿಗೆಯದನ್ನು ಹಾಕಿದರು. ಪಕ್ಕದ ಮನೆಯಾಕೆ ನೋಡಿದ್ದು ಅಷ್ಟು.

ಬೆನ್ನಿನ ಕೆಳಗೆ ಕೆಂಪಗೆ ಕಂಡದ್ದು ಕಪ್ಪಾಯಿತು, ಕಪ್ಪಾದದ್ದು ಒಡೆಯಿತು. ಪುತ್ತೂರಿನ ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಎಲುಬು ಕಾಣುತ್ತಿತ್ತು. ಅತ್ತಿಗೆ ಬಟ್ಟೆ ಒಗೆಯಲು ಹೋಗಿದ್ದ ಒಂದು ಹೊತ್ತಿನಲ್ಲಿ, ನಾನು ಕೇಳದೆಯೇ, ಜ್ವರದ ಕಣ್ಣು ತೆರೆದು ಅಣ್ಣ ಹೇಳಿದ.

"ಪ್ಲಗ್ ಬದಲಿಸಿದ್ದು ನಾನು. ಬೋರ್ಡು ಕೈಗೆ ಎಟುಕ್ತಿತ್ತು. ಬರುವಾಗ ಒಂದಾದ್ರೂ ಸತ್ತಿದ್ರೆ ಅವಳು ಪುನಃ ಚೊಂಬು ಹಿಡೀತಿದ್ಳು. ನನ್ನ ಬೆನ್ನಿಗೆ ಎಂತ ಆದ್ರೂ ನನಗೆ ಗೊತ್ತಾಗುದಿಲ್ಲ. ಅವಳ ತೋಳು ನೋಯ್ತಿತ್ತು."

ಒಂದು ತಾಸಿನಲ್ಲಿ ಬರುತ್ತಾಳೆ ಅಂದುಕೊಂಡಿದ್ದನಂತೆ, ಈಗ ಬಂದಾಳು ಎಂದು ಹಾಗೇ ಬಿಟ್ಟನಂತೆ. ಅವಳಿಗೆ ಹೇಳಬೇಡ ಎಂದ. ಅತ್ತಿಗೆಗೆ ಬಾಗಿಲಲ್ಲಿ ಕಾಲಿಟ್ಟಾಗಲೇ ಗೊತ್ತಾಗಿತ್ತು ಎಂಬುದು ಅವನಿಗೆ ತಿಳಿದಿರಲಿಲ್ಲ. ವಿಷ ರಕ್ತಕ್ಕೆ ಏರಿ ಆ ವಾರವೇ ಹೋದ.

ಅಣ್ಣನ ಉತ್ತರಕ್ರಿಯೆಯ, ಬೊಜ್ಜದ ದಿನ ಊಟದ ಪಂಕ್ತಿ ಏಳುವಾಗ ನಮ್ಮ ದೊಡ್ಡಮ್ಮ, ತಂದೆಯ ಅಣ್ಣನ ಹೆಂಡತಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ಮೀನಿಗೆ ಗಾಳಿ ಇತ್ತು. ಗಂಡನಿಗೆ ಇರ್ಲಿಲ್ಲ." ಅತ್ತಿಗೆ ಎಲೆ ಎತ್ತುತ್ತಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಮೊಣಕೈ ಹಿಡಿದು ಹಿತ್ತಿಲಿಗೆ ಕರೆದುಕೊಂಡು ಹೋದರು.

"ನಿನ್ನ ಹತ್ರ ಹೇಳಿದ್ದಾರೆ ಅಲ್ವಾ?" ಎಂದರು. ನಾನು ತಲೆಯಾಡಿಸಿದೆ.

"ನೀನು ಈಗ ಹೇಳಿದ್ರೆ ಜನ ಎಂತ ಹೇಳ್ತಾರೆ ಗೊತ್ತುಂಟಾ? ಮಲಗಿ ಮಲಗಿ ಸಾಕಾಗಿ ತಾನೇ ಪ್ಲಗ್ ತೆಗ್ದು ಸತ್ತ ಅಂತ. ಅವರು ಸಾಯ್ಲಿಕ್ಕೆ ತೆಗ್ದದ್ದಲ್ಲ. ಅದು ಇವರಿಗೆ ಅರ್ಥ ಆಗುದಿಲ್ಲ. ನನ್ನನ್ನೇ ಹೇಳ್ಲಿ. ನಾನಿರುವಷ್ಟು ದಿನ ನೀನು ಮಾತಾಡ್ಬಾರ್ದು."

ಎಲೆಗಳನ್ನು ಹೊಂಡಕ್ಕೆ ಹಾಕಿ ಒಳಗೆ ಹೋದರು.

ಅವರು ತೊಟ್ಟಿಯನ್ನು ಒಡೆದು ಹಾಕಿದ್ದರೆ ಜನ ಅರ್ಧವಾದರೂ ಕ್ಷಮಿಸುತ್ತಿದ್ದರೋ ಏನೋ. ಅವರು ನೀರು ಬದಲಿಸುತ್ತಲೇ ಇದ್ದರು. ಅದೇ ಸಾಕ್ಷಿ ಎಂಬಂತಾಯಿತು. ಪಕ್ಕದ ಮನೆಯಾಕೆ ಬರುವುದು ನಿಲ್ಲಿಸಿದರು, ಮದುವೆಗಳಿಗೆ ಕರೆ ಬರಲಿಲ್ಲ. ಕಲ್ಲುಗುಂಡಿಯ ತವರಿನವರೊಂದಿಗೂ, ಆ ಮೀನುಗಳನ್ನು ಬಿಟ್ಟು ಬಾ ಎಂಬ ಮಾತಿನ ಮೇಲೆ ಜಗಳವಾಗಿ ಮಾತು ಕಡಿಮೆಯಾಯಿತು. ಕೊಟ್ಟುಬಿಡಬಹುದಲ್ಲ ಅತ್ತಿಗೆ ಎಂದು ನಾನೂ ಒಮ್ಮೆ ಕೇಳಿದೆ. "ಅವು ಎಂತ ಮಾಡಿವೆ?" ಎಂದು ಕೇಳಿ ಬೀಡಿಯ ಮೊರವನ್ನು ತೊಡೆಯ ಮೇಲೆ ಎಳೆದುಕೊಂಡರು. ನಾನು ಹೊರಡುವಾಗ ಮುಂದಿನ ಭಾನುವಾರ ಬರುತ್ತೀಯಾ ಎಂದು ಕೇಳುವವರು ಅವತ್ತು ಕೇಳಲಿಲ್ಲ. ಮುಂದಿನ ಭಾನುವಾರವೂ ನಾನು ಹೋದೆ.

ಗುಂಪಿನಲ್ಲಿ ಮಾತ್ರ ಅವರ ದನಿ ನಿಲ್ಲಲಿಲ್ಲ, ಗಡಸಾಯಿತು ಅಷ್ಟೆ. ಸುಳ್ಯದ ಒಬ್ಬರು, ಪಾರ್ಶ್ವವಾಯು ಬಡಿದು ಮಲಗಿದ ತಮ್ಮ ಹೆಂಡತಿಯ ಮಂಚದ ಹತ್ತಿರ ತೊಟ್ಟಿ ಇಡಬೇಕೆಂದಿದ್ದೇನೆ, ಯಾವ ಮೀನು ಒಳ್ಳೆಯದು ಎಂದು ಕೇಳಿದ್ದರು. ಅತ್ತಿಗೆಯ ಉತ್ತರ ಬರಲು ಬಹಳ ಹೊತ್ತು ಹಿಡಿಯಿತು. "ಮೀನು ಮತ್ತೆ ನೋಡುವ. ಅವರ ಬೆನ್ನು ಹೇಗುಂಟು? ಇವತ್ತು ನೋಡಿದ್ರಾ? ಕೆಂಪು ಉಂಟಾ ನೋಡಿ ಹೇಳಿ." ಆಮೇಲೆ ಬಸ್ಸು ಹತ್ತಿ ಅವರ ಮನೆಗೇ ಹೋಗಿ, ಮಗ್ಗುಲು ಹೇಗೆ ಬದಲಿಸಬೇಕು, ಹಿಮ್ಮಡಿಯ ಕೆಳಗೆ ಬಟ್ಟೆ ಹೇಗೆ ಇಡಬೇಕು ಎಂದು ಕಲಿಸಿ ಬಂದರು. ಆ ಮನೆಗೆ ತೊಟ್ಟಿ ಹೋದದ್ದು ಎಷ್ಟೋ ತಿಂಗಳ ನಂತರ.

ಕಳೆದ ಮಳೆಗಾಲ ಅತ್ತಿಗೆಗೆ ಇಲಿಜ್ವರ ಬಂತು. ಬರೀ ಮೈಕೈ ನೋವೆಂದು ಬೀಡಿ ಕಟ್ಟುತ್ತಲೇ ಇದ್ದರು. ಕಣ್ಣು ಹಳದಿಯಾದ ಮೇಲೆ ನಾನೇ ಆಸ್ಪತ್ರೆಗೆ ಎತ್ತಿಕೊಂಡು ಹೋದೆ. ತಡವಾಗಿತ್ತು. ತೋಟದ ಕಣಿಯಲ್ಲಿ ನಿಂತ ನೀರಿನಿಂದಲೂ ಬರುತ್ತದೆ ಎಂದರು ಡಾಕ್ಟರು. ಆ ಮೀನಿನ ನೀರೇ ಇವಳನ್ನೂ ತಿಂದಿತು ಎಂದಿತು ಊರು.

ಅವರ ಸಾವಿಗೆ ಸಂಬಂಧಿಕರು ಕೆಲವರೇ ಬಂದರು. ಅಂಗಳದಲ್ಲಿ ತುಂಬಿದವರು ನನಗೆ ಪರಿಚಯವಿಲ್ಲದವರು, ಅತ್ತಿಗೆಯ ದನಿ ಮಾತ್ರ ಕೇಳಿ ಮುಖ ಮೊದಲ ಸಲ ನೋಡುತ್ತಿದ್ದ ಗುಂಪಿನವರು. ಸುಳ್ಯದವರೂ ಬಂದಿದ್ದರು. ತಮ್ಮ ಹೆಂಡತಿಯ ಬೆನ್ನಿನಲ್ಲಿ ಈವರೆಗೆ ಒಂದು ಗಾಯ ಇಲ್ಲ ಎಂದು ನನ್ನ ಕೈ ಹಿಡಿದು ಹೇಳಿದರು. ಮೀನುಗಳನ್ನು ಅವರೆಲ್ಲ ಹಂಚಿಕೊಂಡು, ತೊಟ್ಟಿಯ ಹಳೆಯ ನೀರನ್ನೂ ಚೀಲಗಳಲ್ಲಿ ತುಂಬಿಸಿಕೊಂಡು ಹೋದರು.

ನಾನಿರುವಷ್ಟು ದಿನ ಎಂದಿದ್ದರು ಅತ್ತಿಗೆ. ಹದಿಮೂರನೆಯ ದಿನ ಕಳೆದ ಮೇಲೆ ದೊಡ್ಡಮ್ಮನ ಮನೆಗೆ ಹೋದೆ. ಅವರು ಸೊಪ್ಪು ಬಿಡಿಸುತ್ತ ಕೂತಿದ್ದರು. ಪ್ಲಗ್ಗಿನ ವಿಷಯ, ತೋಳಿನ ವಿಷಯ, ಅಣ್ಣ ಆಸ್ಪತ್ರೆಯಲ್ಲಿ ಹೇಳಿದ್ದು, ಅತ್ತಿಗೆ ಹಿತ್ತಿಲಲ್ಲಿ ನನ್ನ ಬಾಯಿ ಮುಚ್ಚಿಸಿದ್ದು, ಎಲ್ಲ ಹೇಳಿದೆ. ಅಣ್ಣ ಸಾಯಲು ಮಾಡಿದ್ದಲ್ಲ ಎಂದು ಎರಡೆರಡು ಸಲ ಹೇಳಿದೆ. ದೊಡ್ಡಮ್ಮನ ಕೈ ನಿಂತಿತು.

"ಇದನ್ನು ಈಗ ಯಾಕೆ ಹೇಳಿದೆ ಮಗಾ?" ಎಂದರು. "ತಪ್ಪಾಯ್ತು ಅಂತ ನಾನು ಯಾರ ಹತ್ರ ಹೋಗಿ ಹೇಳುದು?"